ಸವೆತ

ಸೇಬಿನ ಸಿಪ್ಪೆ ಒಂದೇ ಎಳೆಯಾಗಿ ಇಳಿಯುತ್ತಿದ್ದದ್ದು ಅರ್ಧದಲ್ಲಿ ಹರಿದು ತಟ್ಟೆಯ ಆಚೆ ಬಿತ್ತು. ಅದನ್ನು ಎತ್ತುವ ಬದಲು ಅವನು ಚಾಕು ಹಿಡಿದು ಹಾಗೇ ನಿಂತ. ಅಕ್ಕ ಸುಲಿದರೆ ಹರಿಯುತ್ತಿರಲಿಲ್ಲ. ಸೇಬು ಪೂರ್ತಿ ಬೆತ್ತಲಾಗುವವರೆಗೂ ಸಿಪ್ಪೆ ಅವಳ ಮಣಿಕಟ್ಟಿನ ಹತ್ತಿರ ಸುರುಳಿಯಾಗಿ ಜೋತಾಡುತ್ತಿತ್ತು. ಬಾಯಿ ಮಾತ್ರ ಯಾರೋ ನೆಂಟರ ಮನೆಯ ಸುದ್ದಿ ಹೇಳುತ್ತಿರುತ್ತಿತ್ತು. ಅಕ್ಕ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದರೂ ಅಡಿಗೆಮನೆಯಲ್ಲಿ ಅವನು ಇನ್ನೂ ಬಾಡಿಗೆಗೆ ಬಂದವನಂತೆ ಓಡಾಡುತ್ತಿದ್ದ. ಯಾವ ಡಬ್ಬಿಯನ್ನೂ ಅದರ ಜಾಗದಿಂದ ಕದಲಿಸಿರಲಿಲ್ಲ. ಬೇಕಾದ್ದನ್ನು ತೆಗೆದು, ಒರೆಸಿ, ಇದ್ದಲ್ಲೇ ಇಡುತ್ತಿದ್ದ, ಯಾರೋ ಬಂದು ತಾಳೆ ನೋಡುತ್ತಾರೇನೋ ಎಂಬಂತೆ. ಬೆಳಗ್ಗೆಯಿಂದ ಕೈ ಯಾವುದಕ್ಕೂ ಏಳುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಗಡಿಯಾರ ರಿಪೇರಿಯವರ ಅಂಗಡಿಯ ಹಿಂದಿನ ಕೋಣೆಯಲ್ಲಿ, ತನಗಿಂತ ಹತ್ತು ವರ್ಷ ಹಿರಿಯನಾದ ಒಬ್ಬ ಚಾಕು ಮಾಡುವವನಿಗೆ, ಇನ್ನು ಮೇಲೆ ನಿಮ್ಮ ಚಾಕುಗಳ ಮೇಲೆ ನಿಮ್ಮ ಮುದ್ರೆ ಒತ್ತಬೇಡಿ ಎಂದು ಹೇಳಬೇಕಿತ್ತು. ಹೇಳಬೇಕಾದವನು ಅವನೇ ಎಂದು, ಹಳೇ ಚಾಕು ಕೂಡಿಹಾಕುವ ಅವರ ಭಾನುವಾರದ ಗುಂಪಿನಲ್ಲಿ ಹೋದ ವಾರ ತೀರ್ಮಾನವಾಗಿತ್ತು. 'ಮೇಷ್ಟ್ರು ಹೇಳಿದ್ರೆ ಅವರು ಬೇಜಾರು ಮಾಡ್ಕೊಳಲ್ಲ,' ಎಂದಿದ್ದರು ಹಲ್ಲಿನ ಡಾಕ್ಟರು. 'ನೀವು ಅಳತೆ ಸಮೇತ ಹೇಳ್ತೀರಿ. ನಾವು ಹೇಳಿದ್ರೆ ಬರೀ ಬೈದ ಹಾಗಾಗುತ್ತೆ.'

ಅಳತೆ ಎಂಬ ಮಾತು ಬಂದಾಗ ತನಗೆ ಒಳಗೊಳಗೇ ಹಿಗ್ಗಾಗಿದ್ದು ಈಗ ನೆನಪಾಗಿ ಕಿವಿ ಬಿಸಿಯಾಯಿತು. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕಳೆದ ಆಯುಷ್ಯದಲ್ಲಿ ಅವನ ಮಾತನ್ನು ಯಾರೂ ಅಷ್ಟು ಗೌರವದಿಂದ ಕೇಳಿದ್ದಿಲ್ಲ. ಹುಡುಗರು ಬೆನ್ನ ಹಿಂದೆ ಅಳತೆಯ ಉಪಕರಣದ ಹೆಸರಿಟ್ಟು 'ವರ್ನಿಯರ್' ಎಂದು ಕರೆಯುತ್ತಿದ್ದರು, ಎದುರಿಗೆ ಆಕಳಿಸುತ್ತಿದ್ದರು. ಗಡಿಯಾರದವರ ಕೋಣೆಯಲ್ಲಿ ಮಾತ್ರ ಅವನು ಮೇಷ್ಟ್ರು. ಅಲ್ಲಿ ಗೋಡೆಯ ಮೇಲೆ ಅವನು ಬರೆದ ನಕ್ಷೆ ಚೌಕಟ್ಟಿನಲ್ಲಿ ತೂಗುತ್ತಿತ್ತು. ಆ ಚಾಕು ಮಾಡುವವರ ಅರ್ಧಚಂದ್ರ ಮುದ್ರೆಯ ಚಾಕುಗಳನ್ನು ಒಂದೊಂದಾಗಿ ಅಳೆದು, ಅಲಗಿನ ಅಗಲ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂದು ತೋರಿಸುವ ಗೆರೆ ಅದು. ಚಂದ್ರನ ಕೊಂಬು ಹಿಡಿಯ ಕಡೆಗಿದ್ದರೆ ಚಾಕು ಹಳೆಯದು, ತುದಿಯ ಕಡೆಗಿದ್ದರೆ ಈಚಿನದು. ಇದನ್ನು ಕಂಡುಹಿಡಿದವನೂ ಅವನೇ. ಹಳೆಯವು ಕಿರಿದು, ಹಗುರ, ಕೊಯ್ಯುವ ಬಾಯಿ ಮೀನಿನ ಹೊಟ್ಟೆಯ ಹಾಗೆ ಸ್ವಲ್ಪ ಉಬ್ಬಿ ತುದಿಗೆ ಹೋಗುವಾಗ ಮೆಲ್ಲಗೆ ಏರುತ್ತಿತ್ತು. ಹಿಡಿಯ ಬುಡದಲ್ಲಿ, ಬಾಯಿ ಶುರುವಾಗುವ ಕಡೆ, ಅಕ್ಕಿಕಾಳಿನಷ್ಟು ಸಣ್ಣದೊಂದು ಮೆಟ್ಟಿಲು. ಈಚಿನವು ಅಗಲ, ಭಾರ, ಬಾಯಿ ನೇರ, ಮೆಟ್ಟಿಲೇ ಇಲ್ಲ. ಗೆರೆ ಎಡಗಡೆಯಿಂದ ಬಲಗಡೆಗೆ ಏರುತ್ತ ಹೋಗುತ್ತಿತ್ತು. ಅದು ಏರಿದಷ್ಟೂ ಕಸುಬು ಇಳಿಯಿತು ಎಂದು ಎಲ್ಲರೂ ಓದಿಕೊಂಡರು. ಮೂರು ವರ್ಷದ ಹಿಂದೆ ಚಾಕು ಮಾಡುವ ಆ ಮುದುಕರನ್ನೇ ಕರೆಸಿ, ನಕ್ಷೆಯ ಎದುರು ಕೂರಿಸಿ, ಹಳೇ ಮೆಟ್ಟಿಲು ತನ್ನಿ, ಹಳೇ ಹೊಟ್ಟೆ ತನ್ನಿ ಎಂದು ಕೇಳಿಕೊಂಡಿದ್ದರು. ಅವರು ಕಣ್ಣು ಕಿರಿದು ಮಾಡಿ ನೋಡಿ ಹೋದರು. ಅಲ್ಲಿಂದ ಮೇಲೆ ಬಂದ ಚಾಕುಗಳು ಕಿರಿದಾಗಿದ್ದವು, ಅರದಿಂದ ಉಜ್ಜಿದ ಮೆಟ್ಟಿಲೂ ಇತ್ತು. ನೋಡಿದರೆ ಕಟ್ಟಿಸಿದ ಹಲ್ಲಿನ ನಗೆಯ ಹಾಗೆ ಕಾಣುತ್ತಿತ್ತು.

ಆ ಹೋಲಿಕೆ ಡಾಕ್ಟರದೇ. ಹೋದ ವಾರ ಹೊಸದೊಂದನ್ನು ಬಿಳಿ ಹತ್ತಿಯ ಕೈಗವಸು ತೊಟ್ಟ ಬೆರಳಲ್ಲಿ ತಿರುಗಿಸುತ್ತ, 'ಸತ್ತ ಮೆಟ್ಟಿಲು ಇದು. ಜೀವ ಇಲ್ಲ. ನಕಲು ಮಾಡಿದಾರೆ,' ಎಂದಿದ್ದರು.

'ಯಾರದ್ದು ನಕಲು? ಅವರದ್ದನ್ನೇ ಅವರು ಮಾಡಿದ್ರೆ ನಕಲು ಹೇಗಾಗುತ್ತೆ?' ಎಂದಿದ್ದರು ಗಡಿಯಾರದವರು, ಭೂತಗನ್ನಡಿಯನ್ನು ಹಣೆಗೇರಿಸಿ.

'ತನ್ನನ್ನೇ ತಾನು ನಕಲು ಮಾಡೋದು ಇನ್ನೂ ಕೆಟ್ಟದ್ದು ಸ್ವಾಮಿ. ಅದೇ ಅರ್ಧಚಂದ್ರ ಇದರ ಮೇಲೂ ಇದ್ರೆ ನಾಳೆ ಹಳೇದು ಯಾವುದು, ಇದು ಯಾವುದು? ಬೇರೆ ಯಾವುದಾದ್ರೂ ಗುರುತು ಹಾಕ್ಕೊಳ್ಳಲಿ. ನಕ್ಷತ್ರ ಹಾಕ್ಲಿ, ಸೂರ್ಯ ಹಾಕ್ಲಿ.'

'ಪೂರ್ತಿ ಆಕಾಶ ಖಾಲಿ ಇದೆ,' ಎಂದು ಗಡಿಯಾರದವರು ಪೊಟ್ಟಣದ ದಾರವನ್ನು ಹಲ್ಲಿನಿಂದ ಕಡಿದರು. ಆ ಕೋಣೆಯ ತುಂಬ ಚಾಕುಗಳಿದ್ದರೂ ದಾರಕ್ಕೆ ಹಲ್ಲೇ ಗತಿ. ಒಳಗೆ ಬಂದ ಚಾಕು ಮತ್ತೆ ಏನನ್ನೂ ಕೊಯ್ಯಬಾರದು, ಯಾರೂ ಮಸೆಯಬಾರದು ಎಂಬುದು ಅವರ ಕಟ್ಟಲೆ. ಮಸೆದರೆ ಮಾಡಿದವನ ಕೈ ಅಳಿಸಿಹೋಗುತ್ತದೆ ಎಂದು.

ಅವನು ಸೇಬನ್ನು ಹೋಳು ಮಾಡಿ ತಿಂದ. ರುಚಿ ಹತ್ತಲಿಲ್ಲ. ನಲ್ಲಿಯ ಕೆಳಗೆ ಚಾಕು ಹಿಡಿದು ತೊಳೆದು, ಅಕ್ಕ ಒರೆಸುತ್ತಿದ್ದ ಹಾಗೆ ಬೆನ್ನಿನ ಕಡೆಯಿಂದ ಬಟ್ಟೆ ಎಳೆದ. ಒದ್ದೆ ಆರಿದಾಗ ಹಿಡಿಯ ಹತ್ತಿರ ಮಸುಕಾದ ಅರ್ಧಚಂದ್ರ ಕಂಡಿತು. ಅದು ಅಲ್ಲಿದೆ ಎಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದದ್ದನ್ನು ಎಂದೂ ನೋಡಿರಲಿಲ್ಲ, ಅಷ್ಟೆ. ಹಿತ್ತಲ ಗಿಡ ಮದ್ದಲ್ಲ. ಕೊಂಬು ಹಿಡಿಯ ಕಡೆಗಿತ್ತು. ಅಲಗು ಕಿರಿದು, ಹಗುರ. ಬಾಯಿ ನಡುವೆ ಉಬ್ಬಿ ತುದಿಗೆ ಮೆಲ್ಲಗೆ ಏರಿತ್ತು. ಹೆಬ್ಬೆರಳನ್ನು ಬುಡದ ಕಡೆ ಜಾರಿಸಿದಾಗ ಅಕ್ಕಿಕಾಳಿನಷ್ಟು ಮೆಟ್ಟಿಲು ಚರ್ಮಕ್ಕೆ ತಾಗಿತು. ಡಾಕ್ಟರ ಕಪಾಟಿನಲ್ಲಿ ವೆಲ್ವೆಟ್ಟಿನ ಮೇಲೆ ಮಲಗಿರುವ ಯಾವ ಚಾಕುವೂ ಇಷ್ಟು ಚೆಂದವಿರಲಿಲ್ಲ. ಖುಷಿಯಾಗಬೇಕಿತ್ತು. ಆದರೆ ಈ ಚಾಕುವನ್ನು ಕೊಂಡುತಂದವನು ಅವನೇ, ತಂದ ದಿನ ಇದು ಹೀಗಿರಲಿಲ್ಲ.

ಕೆಲಸ ಸಿಕ್ಕಿದ ವಾರ ಅದು. ಮೈದಾನದ ಆಚೆ ಕುಲುಮೆ. ಬೆಂಕಿಯ ಎದುರು ಕುಲುಮೆಯವರು, ಈಗಿನ ಈ ಮುದುಕರು, ಆಗಿನ್ನೂ ಕಪ್ಪು ಮೀಸೆಯ, ಬೆವರಿನಲ್ಲಿ ಹೊಳೆಯುವ ಆಳು. ಒಂದೇ ಉಕ್ಕಿನ ಪಟ್ಟಿಯನ್ನು ನಡುವೆ ಕಡಿದು ಎರಡು ಅಲಗು ಬಡಿದು ನೀರಿಗಿಳಿಸಿದ್ದು, ಎರಡೂ ಸಲ ಒಂದೇ ಶ್ರುತಿಯಲ್ಲಿ ಚುಂಯ್ ಎಂದದ್ದು. ಅವನಿಗೆ ಎರಡನ್ನೂ ಬಿಟ್ಟು ಬರಲಾಗಲಿಲ್ಲ. ಮನೆಗೆ ತಂದಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಮದುವೆಯಾದ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಬಂದು, ತಮ್ಮನನ್ನು ಓದಿಸಿ, ಅವನ ಬಟ್ಟೆಯ ಗುಂಡಿ ಹೊಲಿಯುತ್ತಲೇ ಉಳಿದುಬಿಟ್ಟವಳು. 'ಅವಳಿ ಜವಳಿನಾ? ಎರಡಕ್ಕೂ ಏನು ಕೆಲಸ ಕೊಡ್ಲೋ?' ಎಂದಳು. ಒಂದು ಚೆಂದವಿದೆ, ಹಾಳು ಮಾಡಬೇಡ, ಅದನ್ನು ಎತ್ತಿಡುತ್ತೇನೆ ಎಂದ ಅವನು. 'ಸರಿ ಬಿಡು. ಒಬ್ಬಳು ದುಡೀಲಿ, ಒಬ್ಬಳು ಮಲಗಿರಲಿ. ಈ ಮನೇಲಿ ನಡೀತಿರೋದೂ ಅದೇ ತಾನೆ,' ಎಂದು ನಕ್ಕು ಒಂದನ್ನು ಒಳಗೆ ಒಯ್ದಳು. ಅವನೂ ನಕ್ಕಿದ್ದ. ಯಾವುದು ಯಾವುದೆಂದು ಆಗ ಇಬ್ಬರಿಗೂ ಹೇಳಲಾಗುತ್ತಿರಲಿಲ್ಲ.

ಮೇಜಿನ ಕೆಳಗಿನ ಖಾನೆಯಿಂದ ಎಣ್ಣೆಬಟ್ಟೆಯ ಸುತ್ತನ್ನು ತಂದು ಬಿಚ್ಚಿದ. ಮಲಗಿದ್ದವಳು ಮಲಗಿದ ಹಾಗೇ ಇದ್ದಳು. ಅಗಲ, ಭಾರ, ಬಾಯಿ ನೇರ, ಮೆಟ್ಟಿಲಿಲ್ಲ. ಇದನ್ನೂ ಒಮ್ಮೆ ಅಳೆದಿದ್ದ. ನಕ್ಷೆ ಬರೆಯುವಾಗ ಇದರ ಬಿಂದು ಗೆರೆಯಿಂದ ಎಷ್ಟೋ ಮೇಲೆ, ಹಳೆಯ ಕಾಲದ ಮೂಲೆಯಲ್ಲಿ ಒಂಟಿಯಾಗಿ ಬಂದಾಗ, ಏನೋ ಕೈತಪ್ಪಿ ದಪ್ಪವಾದ ಚಾಕು ಎಂದುಕೊಂಡು ಅಳಿಸಿಬಿಟ್ಟಿದ್ದ. ಗೆರೆಗೆ ಸೇರದ ಬಿಂದುವನ್ನು ಅಳಿಸಿದ ಹುಡುಗರಿಗೆ ಅವನು ಸೊನ್ನೆ ಕೊಡುತ್ತಿದ್ದ. 'ಅದನ್ನ ಅಲ್ಲೇ ಬಿಡಿ, ಅದೇನೋ ಹೇಳ್ತಿದೆ,' ಎನ್ನುತ್ತಿದ್ದ. ಈಗ ಅದೇ ಖಾನೆಯಲ್ಲಿದ್ದ ಈಚಿನ ಚಾಕುವೊಂದನ್ನು, ಮುದುಕರು ನಕ್ಷೆ ನೋಡುವುದಕ್ಕಿಂತ ಮೊದಲು ಮಾಡಿದ್ದನ್ನು, ಇದರ ಪಕ್ಕ ಇಟ್ಟು ವರ್ನಿಯರ್ ಹಿಡಿದ. ಬೇಕಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದ ಹಾಗೆ. ಎರಡೂ ಒಂದೇ ಆಗಿದ್ದವು.

ಆಮೇಲೆ ಅವನು ಅಕ್ಕನ ಚಾಕು ಹಿಡಿದು ಹಿತ್ತಲ ಬಾಗಿಲು ತೆಗೆದ. ಕಲ್ಲಿನ ಮೆಟ್ಟಿಲಿನ ಬಲತುದಿಯಲ್ಲಿ ನುಣುಪಾದ ಕುಳಿಯೊಂದಿತ್ತು. ಕಾಲು ಜಾರುತ್ತದೆಂದು ಅದನ್ನು ದಾಟಿ ಕಾಲಿಡುವುದು ಅವನಿಗೆ ರೂಢಿಯಾಗಿತ್ತು. ಕೆಲಸದ ದಿನಗಳ ಬೆಳಗುಗಳಲ್ಲಿ, ಅವನು ಒಳಗೆ ಪಾಠದ ತಯಾರಿ ನಡೆಸುವಾಗ, ಇಲ್ಲಿಂದ ಒಂದು ಸದ್ದು ಬರುತ್ತಿತ್ತು: ಸರ್, ಸರ್, ಆಮೇಲೆ ನೀರು ಚಿಮುಕಿಸುವ ಸದ್ದು, ಮತ್ತೆ ಸರ್, ಸರ್. ಕಿರಿಕಿರಿಯಾಗಿ ಒಮ್ಮೆ ಕಿಟಕಿ ಮುಚ್ಚಿದ್ದ. ಕುಕ್ಕರುಗಾಲಲ್ಲಿ ಕೂತು ಚಾಕುವಿನ ಬಾಯಿಯನ್ನು ಕುಳಿಯೊಳಗಿಟ್ಟು, ಪ್ರಯೋಗಾಲಯದಲ್ಲಿ ಪಟ್ಟಿಯ ನೇರ ನೋಡುವವನಂತೆ, ಆಚೆಯ ಬೆಳಕಿಗೆ ಎದುರಾಗಿ ಕಣ್ಣಿಟ್ಟ. ಕಲ್ಲಿಗೂ ಉಕ್ಕಿಗೂ ನಡುವೆ ಕೂದಲೆಳೆಯಷ್ಟೂ ಬೆಳಕು ತೂರಲಿಲ್ಲ. ಕಲ್ಲು ಚಾಕುವನ್ನು ತಿಂದಿತ್ತು, ಚಾಕು ಕಲ್ಲನ್ನು ತಿಂದಿತ್ತು. ಹಿಡಿ ಅಡ್ಡ ಬಂದು ಕಲ್ಲು ಮುಟ್ಟದ ಕಡೆ ಅಕ್ಕಿಕಾಳಿನಷ್ಟು ಉಕ್ಕು ಹಾಗೇ ಉಳಿದು ಮೆಟ್ಟಿಲಾಗಿತ್ತು. ಡಾಕ್ಟರ ಚಾಕುಗಳೆಲ್ಲ ಹಳೇ ಮನೆಗಳ ಸಾಮಾನಿನ ಜೊತೆ ಬಂದವು. ಅವಕ್ಕೂ ಇಂಥದೇ ಕಲ್ಲುಗಳಿದ್ದಿರಬೇಕು, ಬೇರೆ ಬೇರೆ ಹಿತ್ತಲುಗಳಲ್ಲಿ, ಬೇರೆ ಬೇರೆ ಅಕ್ಕಂದಿರು. ಕಸುಬಿನ ನಾಜೂಕು ಎಂದು ಇಷ್ಟು ವರ್ಷ ಅವರು ಹೊಗಳಿದ್ದು ಬರೀ ಸವೆತವನ್ನು. ಕೊನೆಯ ವರ್ಷ ಅಕ್ಕನ ರವಿಕೆಗಳು ಸಡಿಲವಾಗುತ್ತ ಹೋದವು. ಬಳೆ ಮೊಣಕೈವರೆಗೂ ಜಾರುತ್ತಿತ್ತು. ಮದುವೆಯೊಂದಕ್ಕೆ ಹೊರಟು ನಿಂತಾಗ ಅವನು ತಲೆಯೆತ್ತಿ ನೋಡಿ, 'ಸಣ್ಣಗಾಗಿ ಈಗ ಚೆನ್ನಾಗಿ ಕಾಣ್ತೀಯ ನೋಡು,' ಎಂದಿದ್ದ. ಅವಳು ಕನ್ನಡಿಯಲ್ಲೇ ಅವನನ್ನು ನೋಡಿ, 'ಹೌದೇನೋ?' ಎಂದಿದ್ದಳು. ಆಸ್ಪತ್ರೆಗೆ ಹೋದದ್ದು ಅದಾದ ಎಷ್ಟೋ ದಿನದ ಮೇಲೆ.

ಹೇಳದೇ ಇದ್ದುಬಿಡಬಹುದು ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಎರಡು ಚಾಕುಗಳನ್ನೂ ಹಳೇ ಟವೆಲಿನಲ್ಲಿ ಸುತ್ತಿ, ಅಕ್ಕ ತರಕಾರಿಗೆ ಒಯ್ಯುತ್ತಿದ್ದ ಬಟ್ಟೆಚೀಲದಲ್ಲಿ ಹಾಕಿಕೊಂಡಿದ್ದ. ಚೀಲ ಮೊಣಕಾಲಿಗೆ ತಾಗಿದಾಗಲೆಲ್ಲ ಎರಡೂ ಒಂದಕ್ಕೊಂದು ಟಕ್ಕೆನ್ನುತ್ತಿದ್ದವು. ಹೇಳಿದರೆ ನಕ್ಷೆ ಇಳಿಯುತ್ತದೆ, ಅದರ ಜೊತೆಗೆ ಮೇಷ್ಟ್ರೂ ಇಳಿಯುತ್ತಾನೆ. ಆ ಕೋಣೆ ಹೋದರೆ ಭಾನುವಾರಗಳನ್ನು ಎಲ್ಲಿ ಕಳೆಯುವುದು? ಹೇಳದಿದ್ದರೆ ಮುದುಕರು ಮುದ್ರೆಯ ಅಚ್ಚನ್ನು ಕೊಟ್ಟು ಹೋಗುತ್ತಾರೆ. ಮುದ್ರೆಯಿಲ್ಲದೆ ಅವರು ಇನ್ನೊಂದು ಚಾಕು ಮಾಡಲಾರರು ಎಂದು ಅವನಿಗೆ ಗೊತ್ತಿತ್ತು. ಬೆಂಕಿ ಆರಿಸಿ ಕೂರುತ್ತಾರೆ. ಚಪ್ಪಲಿ ಅಂಗಡಿಯವನು ಎಂದಿನಂತೆ, 'ಏನ್ ಮೇಷ್ಟ್ರೇ, ತರಕಾರಿಗಾ?' ಎಂದ. ಹೂಂ ಎಂದ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ, ಮುಂದಿನದೂ ಹೀಗೇ ಬರಬಹುದೆಂದು ಸ್ವಲ್ಪ ಧೈರ್ಯವಾಯಿತು.

ಕುಲುಮೆಯವರು ಮೊದಲೇ ಬಂದಿದ್ದರು. ಸ್ಟೂಲಿನ ತುದಿಯಲ್ಲಿ, ಯಾರಾದರೂ ಏಳು ಎಂದರೆ ತಕ್ಷಣ ಏಳುವವರಂತೆ ಕೂತಿದ್ದರು. ಮೀಸೆ ಬೆಳ್ಳಗಾಗಿತ್ತು, ಕಣ್ಣಿಗೆ ದಪ್ಪ ಗಾಜು ಬಂದಿತ್ತು. ಮೇಜಿನ ಮೇಲೆ ಅವರ ಹೊಸ ಚಾಕುಗಳು ಸಾಲಾಗಿದ್ದವು. ಎರಡರ ತೆಳು ಅಲಗು ಬಾಗಿತ್ತು. ಗೋಡೆಯ ತುಂಬ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು.

'ಹೂಂ, ಹೇಳಿ ಮೇಷ್ಟ್ರೇ,' ಎಂದರು ಡಾಕ್ಟರು, ನೋವಾಗಲ್ಲ ಎಂದು ರೋಗಿಗೆ ಹೇಳುವ ದನಿಯಲ್ಲಿ.

ಅವನು ಚೀಲವನ್ನು ಮೇಜಿನ ಅಂಚಿಗಿಟ್ಟ. ಮುದುಕರೇ ಕೈಯೆತ್ತಿದರು. 'ಅವರಿಗ್ಯಾಕೆ ಕಷ್ಟ ಕೊಡ್ತೀರಿ. ನನಗೆ ತಿಳೀತು ಬಿಡಿ.' ಅಂಗಿಯ ಜೇಬಿನಿಂದ ಬೆರಳುದ್ದದ ಉಕ್ಕಿನ ಅಚ್ಚನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸಿದರು. ಅದು ಉರುಳಿತು. ಮತ್ತೆ ನಿಲ್ಲಿಸಿದರು. 'ಕಣ್ಣು ಹೋಯ್ತು, ಕೈನೂ ಹೋಯ್ತು. ಹಳೇದು ಹಳೇದೇ.'

ಆ ಅಚ್ಚು ನೆಟ್ಟಗೆ ನಿಂತದ್ದನ್ನು ನೋಡುತ್ತಿದ್ದಂತೆ ಅವನ ಕೈ ಚೀಲದೊಳಗೆ ಹೋಯಿತು. ಅಕ್ಕನ ಚಾಕುವನ್ನು ತೆಗೆದು ಮುದುಕರ ಕೈಗಿಟ್ಟ. ಕೈಗವಸು ತೊಡದೆ ಕೊಟ್ಟದ್ದಕ್ಕೆ ಡಾಕ್ಟರು ಹುಬ್ಬು ಗಂಟಿಕ್ಕಿದರು, ಆಮೇಲೆ ಅಲಗು ನೋಡಿ ಎದ್ದೇ ನಿಂತರು. 'ಅಯ್ಯೋ! ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ ಮೇಷ್ಟ್ರೇ? ಇಂಥ ಹೊಟ್ಟೆ ನನ್ನ ಹತ್ರ ಒಂದೂ ಇಲ್ಲ!'

'ಅಡಿಗೆಮನೇಲಿ.'

'ಒಳ್ಳೇ ಜಾಗ. ಕಳ್ಳರಿಗೂ ಹೊಳೆಯಲ್ಲ.'

ಮುದುಕರು ಚಾಕುವನ್ನು ಮುಖದ ಹತ್ತಿರ ಒಯ್ದು, ಬೆರಳ ತುದಿಯಿಂದ ಬಾಯಿಯುದ್ದಕ್ಕೂ ಹೋದರು. 'ನೋಡಿ. ಇದು ಚಾಕು. ಆಗ ನನ್ನ ಕೈ ಹೀಗಿತ್ತು.'

'ಅದು ನಿಮ್ಮ ಕೈ ಅಲ್ಲ ಯಜಮಾನ್ರೇ,' ಎಂದ ಅವನು. 'ನಮ್ಮಕ್ಕನ ಕೈ.'

ಯಾರಿಗೂ ಅರ್ಥವಾಗಲಿಲ್ಲ. ಅವನು ಗಡಿಯಾರದವರ ಮೇಜಿನಿಂದ ಪೆನ್ನು ತೆಗೆದುಕೊಂಡು ಗೋಡೆಯ ಬಳಿ ಹೋಗಿ, ನಕ್ಷೆಯ ಗಾಜಿನ ಮೇಲೆಯೇ, ಗೆರೆಯಿಂದ ಎಷ್ಟೋ ಎತ್ತರದಲ್ಲಿ, ಒಂದು ಚುಕ್ಕೆಯಿಟ್ಟ. ಶಾಯಿ ಹರಡಿ ಚುಕ್ಕೆ ದೊಡ್ಡದಾಯಿತು. ಆಮೇಲೆ ಎಣ್ಣೆಯಲ್ಲಿ ಹೊಳೆಯುವ ಇನ್ನೊಂದು ಚಾಕುವನ್ನು ಮೇಜಿನ ಮೇಲಿಟ್ಟ. 'ಒಂದೇ ದಿನ ತಂದದ್ದು. ಒಂದೇ ಪಟ್ಟಿ ಕಡಿದು ನೀವೇ ಬಡಿದದ್ದು, ನಾನು ಎದುರಿಗೆ ನಿಂತಿದ್ದೆ. ಇದು ಇವತ್ತಿನವರೆಗೆ ಏನನ್ನೂ ಕೊಯ್ದಿಲ್ಲ. ಅದನ್ನ ಅಕ್ಕ ದಿನಾ ಹಿತ್ತಲ ಕಲ್ಲಿಗೆ ಮಸೀತಿದ್ಲು. ಹೊಟ್ಟೆ ಬಂದದ್ದು ಅದರಿಂದ. ಮೆಟ್ಟಿಲು ಅಂತೀವಲ್ಲ, ಅದು ಕಲ್ಲು ಮುಟ್ಟದೆ ಉಳಿದ ಜಾಗ. ನೀವು ಆಗಲೂ ಹೀಗೇ ಅಗಲಕ್ಕೇ ಮಾಡ್ತಿದ್ರಿ. ಏನೂ ಬದಲಾಗಿಲ್ಲ. ನಾನು ತಪ್ಪು ಗೆರೆ ಎಳೆದೆ.'

'ಒಂದು ಚಾಕು ನೋಡ್ಕೊಂಡು ಹೇಳೋದಾ?' ಡಾಕ್ಟರ ಮುಖ ಕೆಂಪಾಗಿತ್ತು. 'ಒಂದು ಅಳತೆ ಅಳತೆಯೇ ಅಲ್ಲ ಅಂತ ನೀವೇ ಅಲ್ವಾ ಭಾಷಣ ಮಾಡ್ತಿದ್ದದ್ದು?'

ಗಡಿಯಾರದವರು ಭೂತಗನ್ನಡಿಯನ್ನು ಹಣೆಯಿಂದ ಕಣ್ಣಿಗಿಳಿಸಿದರು. ಅಕ್ಕನ ಚಾಕು ನೋಡಿದರು, ಕಪಾಟು ತೆಗೆದು ಡಾಕ್ಟರ ಚಾಕುಗಳನ್ನು ಒಂದರ ಮೇಲೊಂದು ನೋಡಿದರು. 'ಎಲ್ಲದರಲ್ಲೂ ಮಸೆದ ಗೀರುಗಳು ಮೆಟ್ಟಿಲಿನ ಹತ್ರ ಬಂದು ನಿಲ್ತವೆ ಡಾಕ್ಟ್ರೇ. ಯಾರೋ ಮಹಾತಾಯಿ ಇಲ್ಲೀತನಕ ಮಸೆದು, ಇನ್ನು ಬೆರಳು ಕಲ್ಲಿಗೆ ಉಜ್ಜುತ್ತೆ ಅಂತ ನಿಲ್ಲಿಸಿದಾಳೆ.'

'ಹಾಗಾದ್ರೆ ಇಷ್ಟು ವರ್ಷ ನಾನು ಕಂಡೋರ ಅಡಿಗೆಮನೆ ಕೂಡಿಹಾಕಿದ್ನಾ?'

'ತೊಳೆದು ಕೂಡಿಹಾಕಿದ್ರಿ. ಅಷ್ಟು ಸಮಾಧಾನ.'

ಡಾಕ್ಟರು ಕೈಗವಸು ಕಿತ್ತು ಮೇಜಿನ ಮೇಲೆಸೆದರು. ಅವನು ಅವರನ್ನು ನೋಡುತ್ತಿರಲಿಲ್ಲ. ಮುದುಕರ ಮುಖ ಅರಳುತ್ತದೆ ಎಂದು, ತನಗೇ ತಿಳಿಯದಂತೆ, ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದ ಎಂದು ಈಗ ಗೊತ್ತಾಯಿತು. ಅದು ಅರಳಲಿಲ್ಲ. ಅವರು ಅಕ್ಕನ ಚಾಕುವನ್ನು ಬಿಡಲು ಮನಸ್ಸಿಲ್ಲದವರಂತೆ ಹಿಡಿದೇ ಇದ್ದರು. 'ಅಂದ್ರೆ ಇದು ನಂದಲ್ಲ,' ಎಂದರು. ಆಮೇಲೆ ಅದರ ತೆಳು ಬಾಯಿಯನ್ನು ಬೆಳಕಿಗೆ ಹಿಡಿದು, 'ಒಂದು ಸಲ ಅನ್ನಿಸಿತ್ತು ಸ್ವಾಮಿ. ನಾನು ಇಷ್ಟು ತೆಳ್ಳಗೆ ಯಾವಾಗ ಬಡಿದೆ ಅಂತ. ಆದ್ರೆ ಓದಿದೋರು ಗೋಡೆ ಮೇಲೆ ಗೆರೆ ಎಳೆದು ತೋರಿಸ್ತಿದೀರಿ. ಅದೂ ಹೊಗಳಿಕೆ. ವಯಸ್ಸಿನಲ್ಲಿ ನೀನು ಚೆನ್ನಾಗಿದ್ದೆ ಅಂದ್ರೆ ಯಾವನು ಇಲ್ಲ ಅಂತಾನೆ?' ಎಂದರು. ಗಡಿಯಾರದವರು ಮೊದಲು ನಕ್ಕರು, ಆಮೇಲೆ ಮುದುಕರೂ. ನಗು ನಿಂತಾಗ ಅವರು ಅಚ್ಚನ್ನು ಎತ್ತಿ, ಅಂಗಿಯ ತುದಿಯಿಂದ ಒರೆಸಿ, ಜೇಬಿಗೆ ಹಾಕಿಕೊಂಡರು. ಬಾಗಿದ ಚಾಕುಗಳನ್ನು ಬಟ್ಟೆಯಲ್ಲಿ ಕಟ್ಟುತ್ತ, 'ಈ ಹಾಳು ಮೆಟ್ಟಿಲು ಉಜ್ಜೋಕೆ ಹೋಗಿ ನನ್ನ ಹೆಬ್ಬೆರಳಿನ ಉಗುರೇ ಹೋಯ್ತು. ಇನ್ನು ಮಾಡಲ್ಲ. ಹಳೇ ಥರಾನೇ ಬಡೀತೀನಿ. ಮೆಟ್ಟಿಲು ಬೇಕಾದೋರು ಮನೇಲಿ ಮಾಡ್ಕೊಳ್ಳಲಿ,' ಎಂದರು.

ಬಾಗಿಲ ತನಕ ಹೋದವರು ತಿರುಗಿದರು. 'ಚೆನ್ನಾಗಿ ಮಸೆದಿದಾರೆ ಮೇಷ್ಟ್ರೇ. ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಮ್ಮಿ ಇಲ್ಲ. ನಾನು ಹೇಳಿದೆ ಅಂತ ಅಕ್ಕಂಗೆ ಹೇಳಿ.'

'ಹೇಳ್ತೀನಿ,' ಎಂದ ಅವನು.

ಮನೆಗೆ ಬಂದು ಬಾಗಿಲು ತೆಗೆದಾಗ ಸೇಬಿನ ಸಿಪ್ಪೆ ಮೇಜಿನ ಮೇಲೆ ಕಂದುಬಣ್ಣಕ್ಕೆ ತಿರುಗಿತ್ತು. ನಕ್ಷೆಯನ್ನು ಗಡಿಯಾರದವರು ಇಳಿಸುತ್ತಾರೋ, ಮುಂದಿನ ಭಾನುವಾರ ಯಾರಾದರೂ ಕರೆಯುತ್ತಾರೋ ಎಂದು ಯೋಚಿಸಲು ಹೋದ; ಯೋಚನೆ ಅದರ ಮೇಲೆ ನಿಲ್ಲಲಿಲ್ಲ. ಅಕ್ಕನ ಚಾಕುವನ್ನು ತೊಳೆದು, ಬೆನ್ನಿನ ಕಡೆಯಿಂದ ಒರೆಸಿ, ಎಣ್ಣೆಬಟ್ಟೆಯಲ್ಲಿ ಸುತ್ತಿ ಖಾನೆಯಲ್ಲಿಟ್ಟ. ಮಲಗಿದ್ದವಳನ್ನು ಸೋಪಿನಲ್ಲಿ ತೊಳೆದು ಎಣ್ಣೆ ಬಿಡಿಸಿದ. ಎಷ್ಟೋ ವರ್ಷದ ಎಣ್ಣೆ; ಬೆರಳಿನಿಂದ ಜಾರುತ್ತಲೇ ಇತ್ತು. ಒಂದು ಈರುಳ್ಳಿ ತೆಗೆದುಕೊಂಡು ಕೊಯ್ಯಲು ನೋಡಿದರೆ ಸಿಪ್ಪೆಯ ಮೇಲೆ ಜಾರಿತು. ಏನನ್ನೂ ಕೊಯ್ಯದೆಯೇ ಮೊಂಡಾಗಿತ್ತು.

ಲೋಟದಲ್ಲಿ ನೀರು ಹಿಡಿದು ಹಿತ್ತಲ ಬಾಗಿಲು ತೆಗೆದು ಕುಕ್ಕರುಗಾಲಲ್ಲಿ ಕೂತ. ಕಲ್ಲಿನ ಕುಳಿಗೆ ನೀರು ಚಿಮುಕಿಸಿ ಚಾಕುವನ್ನು ಅದರ ಮೇಲೆ ಇಟ್ಟ. ನೇರ ಅಲಗು ಕುಳಿಯ ಎರಡು ಅಂಚಿಗೆ ಮಾತ್ರ ತಾಗಿ, ನಡುವೆ ಕಲ್ಲನ್ನು ಮುಟ್ಟದೆ ನಿಂತಿತು. ಬಗ್ಗಿ ನೋಡಿದ. ಉಕ್ಕಿನ ಕೆಳಗೆ, ಅಕ್ಕನ ಕೈ ಇದ್ದ ಕಡೆ, ಮಧ್ಯಾಹ್ನದ ಬೆಳಕು ಒಂದು ಸಣ್ಣ ಬಿಲ್ಲಿನಾಕಾರದಲ್ಲಿ ಈಚೆ ಬರುತ್ತಿತ್ತು. ಅವನು ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಮೆಲ್ಲಗೆ ಒಮ್ಮೆ ಎಳೆದ. ಮತ್ತೊಮ್ಮೆ ಎಳೆದ. ಸದ್ದು ಅದೇ ಆಗಿತ್ತು. ಅವನು ತಲೆಯೆತ್ತಿ ನೋಡಿದ, ಒಳಗಿನಿಂದ ಯಾರಾದರೂ ಕಿಟಕಿ ಮುಚ್ಚುತ್ತಾರೇನೋ ಎಂದು.